ಹೆಸರು ಬರೆದುಕೊಳ್ಳದ ಮೇಡಂ

ಕೆಲಸ ಹುಡುಕುತ್ತಿದ್ದ ಆ ಎರಡು ವರ್ಷ ನಾನು ಹೋದ ಕಡೆಯಲ್ಲೆಲ್ಲ ಮೊದಲ ಪ್ರಶ್ನೆ ಒಂದೇ ಆಗಿತ್ತು: "ನಿಮ್ಮ ಹೆಸರೇನು?" ಇದಕ್ಕಿಂತ ಸುಲಭದ ಪ್ರಶ್ನೆ ಪ್ರಪಂಚದಲ್ಲೇ ಇಲ್ಲ ಎಂದು ಎಲ್ಲರೂ ತಿಳಿದಿದ್ದಾರೆ. ಎದುರಿಗೆ ಕೂತವರ ಹೆದರಿಕೆ ಹೋಗಲಿ ಎಂದೇ ಅದನ್ನು ಮೊದಲು ಕೇಳುತ್ತಾರಂತೆ. ನನಗೋ ಅದನ್ನು ಕೇಳಿದ ಕೂಡಲೇ ಗಂಟಲಲ್ಲಿ ಬಾಗಿಲು ಹಾಕಿಕೊಳ್ಳುತ್ತಿತ್ತು. ನನಗೆ ಉಗ್ಗು. ಚಿಕ್ಕಂದಿನಿಂದ ಇದೆ, ಈಗಲೂ ಇದೆ. ಕೊನೆಯಲ್ಲಿ ಅದು ಪವಾಡದಂತೆ ವಾಸಿಯಾಯಿತು ಎನ್ನುವ ಕಥೆ ಬೇಕಾದವರು ಇಲ್ಲಿಗೇ ನಿಲ್ಲಿಸಬಹುದು.

ಉಗ್ಗುವವರಿಗೆಲ್ಲ ಒಂದು ಉಪಾಯ ಗೊತ್ತಿರುತ್ತದೆ. ಒಂದು ಮಾತು ಸಿಕ್ಕಿಕೊಂಡರೆ ಬೇರೆ ಮಾತಿನ ಸುತ್ತುದಾರಿ ಹಿಡಿಯುವುದು. "ನೀರು" ಬರದಿದ್ದರೆ "ಕುಡಿಯೋಕೆ ಕೊಡು" ಎನ್ನುವುದು, "ಮಂಗಳವಾರ" ಬರದಿದ್ದರೆ "ಸೋಮವಾರದ ಮಾರನೇ ದಿನ" ಎನ್ನುವುದು. ಆದರೆ ಸ್ವಂತ ಹೆಸರಿಗೆ ಸುತ್ತುದಾರಿ ಇಲ್ಲ. ಹಾಡುವಾಗ ನಾನು ಉಗ್ಗುವುದಿಲ್ಲ, ಪಕ್ಕದ ಮನೆಯ ನಾಯಿಗೆ ಬೈಯುವಾಗ ಉಗ್ಗುವುದಿಲ್ಲ, ಹೆಸರು ಹೇಳುವಾಗ ಮಾತ್ರ ಖಂಡಿತ ಉಗ್ಗುತ್ತೇನೆ. ಹೊರಗೆ ಬರದ ಮಾತುಗಳೆಲ್ಲ ಒಳಗೇ ಕೂತು ನನ್ನನ್ನು ಸ್ವಲ್ಪ ಖಾರದ ಹೆಂಗಸನ್ನಾಗಿ ಮಾಡಿದವು.

ನಮ್ಮದು ಅರಸೀಕೆರೆ. ಅಪ್ಪ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತ. ತೊಂಬತ್ತರ ದಶಕ ಅದು. ರಟ್ಟಿನ ಪುಟ್ಟ ಟಿಕೆಟ್ಟುಗಳು ಇನ್ನೂ ಇದ್ದವು, ಅವುಗಳ ಮೇಲೆ ತಾರೀಖು ಒತ್ತುವ ಕಬ್ಬಿಣದ ಯಂತ್ರದ ಟಕ್ ಟಕ್ ಸದ್ದು ಕಿಟಕಿಯ ಈಚೆಗೂ ಕೇಳುತ್ತಿತ್ತು. ಅಪ್ಪನ ಕೈ ಎಷ್ಟು ಚುರುಕೆಂದರೆ ಕಿಟಕಿಗೆ ಬಗ್ಗಿದವರು "ತಿ" ಎನ್ನುವಷ್ಟರಲ್ಲಿ ತಿಪಟೂರಿನ ಟಿಕೆಟ್ಟು, "ಬೀ" ಎನ್ನುವಷ್ಟರಲ್ಲಿ ಬೀರೂರಿನ ಟಿಕೆಟ್ಟು ಹೊರಗೆ ಬಂದಿರುತ್ತಿತ್ತು. ರೈಲು ಬಂದು ನಿಂತ ಮೇಲೆ ಓಡಿಬಂದವರಿಗೂ ಅಪ್ಪ ರೈಲು ತಪ್ಪಿಸಲಿಲ್ಲ ಎಂದು ಸ್ಟೇಷನ್ನಿನವರು ಹೊಗಳುತ್ತಿದ್ದರು. ಅದೇ ಚುರುಕು ಸಂಜೆ ಮನೆಗೂ ಬರುತ್ತಿತ್ತು. ನಾನು "ಅ" ಎಂದರೆ ಸಾಕು, "ಅನ್ನ ಬೇಕಂತೆ, ಬಡಿಸೇ" ಎಂದು ಅಮ್ಮನಿಗೆ ಹೇಳಿಬಿಡುತ್ತಿದ್ದ. ನನಗೆ ಬೇಕಾಗಿದ್ದುದು ಅಕ್ಕನ ಪೆನ್ನು. ಅನ್ನವನ್ನೇ ಉಂಡು ಎದ್ದುಹೋಗುತ್ತಿದ್ದೆ.

ಬಿಕಾಂ ಮುಗಿಯಿತು, ಕನ್ನಡ ಟೈಪಿಂಗಿನಲ್ಲಿ ಸೀನಿಯರ್ ಪರೀಕ್ಷೆಯೂ ಆಯಿತು, ಕೆಲಸದ ಬೇಟೆ ಶುರುವಾಯಿತು. ನಮ್ಮ ಕಡೆ ಹೆಣ್ಣುಮಗಳು ಸಂದರ್ಶನಕ್ಕೆ ಒಬ್ಬಳೇ ಹೋಗುತ್ತಿರಲಿಲ್ಲ. ಅಪ್ಪನೋ ಅಣ್ಣನೋ ಸೋದರಮಾವನೋ ಜೊತೆಗೆ ಹೋಗಿ, ಪಕ್ಕದ ಕುರ್ಚಿಯಲ್ಲೇ ಕೂತು, "ನಮ್ಮ ಹುಡುಗಿ ಬಹಳ ಚೂಟಿ ಸಾರ್, ಒಂದ್ಸಲ ಹೇಳಿಕೊಟ್ರೆ ಸಾಕು" ಎಂದು ಶುರುಮಾಡುವುದು ರೂಢಿ. ಅಪ್ಪ ರಜೆ ಹಾಕಿ ನನ್ನ ಜೊತೆ ಬರುತ್ತಿದ್ದ. ಬೇರೆ ಹುಡುಗಿಯರ ಅಪ್ಪಂದಿರು ಶುರು ಮಾತ್ರ ಮಾಡುತ್ತಿದ್ದರು, ನನ್ನಪ್ಪ ಕೊನೆಯವರೆಗೂ ಮುಗಿಸಿಕೊಡುತ್ತಿದ್ದ.

ಆದರೂ ನನಗೆ ಆ ದಿನಗಳ ನೆನಪೇ ಒಂದು ಉತ್ಸಾಹ. ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆ, ಅಮ್ಮ ಬುದ್ಧನ ಪಟದ ಮುಂದೆ ಇಟ್ಟು ಕೈಮುಗಿದು ಕೊಡುತ್ತಿದ್ದ ಫೈಲು, ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು. ಇವತ್ತು ಏನೋ ಆಗುತ್ತದೆ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು. ಅಷ್ಟೇ ಅಲ್ಲ, ನಾನೊಂದು ಆಟವನ್ನೂ ಕಂಡುಹಿಡಿದುಕೊಂಡಿದ್ದೆ. ಸಂದರ್ಶನ ಮಾಡುವವರು ನನಗೆ ಅಂಕ ಹಾಕುವುದಾದರೆ ನಾನ್ಯಾಕೆ ಅವರಿಗೆ ಹಾಕಬಾರದು? ಅಪ್ಪ ಆಫೀಸಿನಿಂದ ತರುತ್ತಿದ್ದ ಹಳೆಯ ರಿಸರ್ವೇಷನ್ ಫಾರಂಗಳ ಹಿಂದುಗಡೆ ಒಂದು ಪಟ್ಟಿ ಮಾಡಿ ಫೈಲಿನಲ್ಲೇ ಇಟ್ಟುಕೊಂಡಿದ್ದೆ. ಒಟ್ಟು ಹತ್ತು ಅಂಕ. ಕುರ್ಚಿ ತೋರಿಸಿ ಕೂರಿಸಿದರೆ ಎರಡು, ನನ್ನ ಅರ್ಜಿ ತೆರೆದು ಓದಿದರೆ ಎರಡು, ವಾಪಸ್ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರೆ ಎರಡು, ಕಾಫಿಗೆ ಒಂದು, ನಗುಮುಖಕ್ಕೆ ಮೂರು. "ಪಾಪ" ಎಂದರೆ ಪ್ರತಿ ಪಾಪಕ್ಕೂ ಮೂರು ಕಳೆಯಬೇಕು. "ನೀವು ಯಾವ ಪೈಕಿ?" ಎಂದು ಜಾತಿ ಕೆದಕಿದರೆ ಸೀದಾ ಸೊನ್ನೆ. ಮನುಷ್ಯರನ್ನು ಮನುಷ್ಯರಂತೆ ನೋಡುವವರು ಯಾರು ಎಂದು ಕಂಡುಹಿಡಿಯಲು ಇಷ್ಟು ಸಾಕು ಎಂದು ನಾನು ನಂಬಿದ್ದೆ.

ಹಾರನಹಳ್ಳಿಯ ಕಡೆ ಹೊಸದಾಗಿ ಶುರುವಾಗಿದ್ದ ಒಂದು ಶಾಲೆಯಲ್ಲಿ ಗುಮಾಸ್ತೆಯ ಕೆಲಸಕ್ಕೆ ಕರೆದಿದ್ದರು. ಟೆಂಪೋದಲ್ಲಿ ಹಾಲಿನ ಕ್ಯಾನುಗಳ ನಡುವೆ ನಿಂತು ಹೋದೆವು. ಅಲ್ಲಿನ ಮ್ಯಾನೇಜರು ಹೆಸರು ಕೇಳಿದರು, ನಾನು ಮೊದಲ ಅಕ್ಷರದಲ್ಲೇ ನಿಂತೆ, ಅಪ್ಪ ಹೇಳಿದ. ಅವರು ಅಪ್ಪನ ಕಡೆ ತಿರುಗಿ "ಪಾಪ" ಎಂದರು. ಓದಿದ್ದು ಕೇಳಿದರು, ಅಪ್ಪ ಹೇಳಿದ, "ಪಾಪ, ಇಷ್ಟು ಓದಿದಾಳೆ" ಎಂದರು. ಹೊರಡುವಾಗ ಬಾಗಿಲವರೆಗೂ ಬಂದು ಇನ್ನೊಂದು ಪಾಪ. ಕುರ್ಚಿಗೆ ಸಿಕ್ಕಿದ್ದ ಎರಡು ಅಂಕದಲ್ಲಿ ಒಂಬತ್ತು ಕಳೆದರೆ ಎಷ್ಟು ಎಂದು ಟೆಂಪೋದಲ್ಲಿ ಲೆಕ್ಕ ಹಾಕುತ್ತ ನಗು ತಡೆಯಲಾಗಲಿಲ್ಲ. ಅಪ್ಪ, ಪಾಪ, ಯಾಕೆ ನಗುತ್ತಿದ್ದೇನೆಂದು ತಿಳಿಯದೆ ತಾನೂ ನಕ್ಕ.

ಆಮೇಲೆ ಬೇಲೂರು. ಬಸ್ ನಿಲ್ದಾಣದ ಹತ್ತಿರ ಪ್ರವಾಸಿಗರಿಗೆ ಕಾರು, ರೂಮು ಗೊತ್ತುಮಾಡಿಕೊಡುವ ಒಂದು ಆಫೀಸು. ಪತ್ರ ಟೈಪ್ ಮಾಡಲು ಒಬ್ಬರು ಬೇಕಾಗಿದ್ದರು. ಅದರ ಯಜಮಾನರನ್ನು ನೋಡಿದ ಕೂಡಲೇ ನನಗೆ ಹಿಡಿಸಿಬಿಟ್ಟಿತು. ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು. ಕಾಫಿ ತರಿಸಿದರು. "ವಾಪಸ್ ಬಸ್ಸು ಎಷ್ಟೊತ್ತಿಗಿದೆ? ತಪ್ಪಿಸ್ಕೋಬೇಡಿ" ಎಂದರು. ಮುಖದ ತುಂಬ ನಗು. ನಾನು ಒಂದಕ್ಷರ ಹಿಡಿದು ನಿಂತರೆ ಎಡಗಡೆಯಿಂದ ಅಪ್ಪ, ಎದುರುಗಡೆಯಿಂದ ಅವರು, ಇಬ್ಬರೂ ಸೇರಿ ವಾಕ್ಯ ಮುಗಿಸಿಬಿಡುತ್ತಿದ್ದರು. ಅವತ್ತು ಸಂದರ್ಶನ ಬಹಳ ಚೆನ್ನಾಗಿ ನಡೆಯಿತು. ನಾನೊಬ್ಬಳು ಅದರಲ್ಲಿರಲಿಲ್ಲ, ಅಷ್ಟೇ. ಅರ್ಜಿಯ ಕವರನ್ನು ಎರಡು ಸಲ ಪ್ರೀತಿಯಿಂದ ತಟ್ಟಿ, "ನಿಧಾನಕ್ಕೆ ನೋಡ್ತೀನಿ ಮಗಳೇ, ಪತ್ರ ಬರುತ್ತೆ" ಎಂದು ಡ್ರಾಯರಿನಲ್ಲಿ ಇಟ್ಟರು. ಓದುತ್ತಾರಲ್ಲ ಎಂದು ಆ ಎರಡು ಅಂಕವನ್ನೂ ಮುಂಗಡವಾಗಿಯೇ ಕೊಟ್ಟು ಹತ್ತಕ್ಕೆ ಹತ್ತು ಬರೆದೆ. ಬಸ್ಸಿನಲ್ಲಿ ಕೂತು ಆ ಆಫೀಸಿನಲ್ಲಿ ನನ್ನ ಟೇಬಲ್ಲು ಎಲ್ಲಿರುತ್ತದೆ ಎಂದೂ ಗೊತ್ತುಮಾಡಿಕೊಂಡೆ.

ಪತ್ರ ಬರಲಿಲ್ಲ. ಒಂದು ತಿಂಗಳು ಕಾದು ನಾವೇ ಹೋದೆವು. ಅದೇ ನಗು, ಅದೇ ಕುರ್ಚಿ. "ಯಾವ ಬಸ್ಸಿಗೆ ಬಂದ್ರಿ?" ಎಂದು ಕೇಳಿ, ಆಮೇಲೆ "ನಿಮ್ಮ ಹೆಸರು ಏನಂದ್ರಿ?" ಎಂದರು. ಡ್ರಾಯರು ತೆರೆದು ಕವರು ಹುಡುಕಿ ತೆಗೆದರು. ನಾನು ಗೋಂದು ಹಚ್ಚಿ ಒತ್ತಿದ್ದ ಕವರು ಹಚ್ಚಿದ ಹಾಗೇ ಇತ್ತು. ಒಳಗಿನ ಕಾಗದಕ್ಕೆ ಗಾಳಿ ಕೂಡ ತಾಗಿರಲಿಲ್ಲ. ಬೇರೆಯವರನ್ನು ತೆಗೆದುಕೊಂಡು ಎರಡು ವಾರವಾಯಿತಂತೆ. ಅದನ್ನೂ ನಗುತ್ತಲೇ ಹೇಳಿ, ಕಾಫಿ ಕುಡಿದೇ ಹೋಗಬೇಕು ಎಂದರು. ನಾನು ಕುಡಿಯಲಿಲ್ಲ. ಸಿಟ್ಟು ಅವರ ಮೇಲಿಗಿಂತ ನನ್ನ ಪಟ್ಟಿಯ ಮೇಲೆ ಹೆಚ್ಚು ಬಂತು, ಆದರೂ ಅದನ್ನು ಹರಿದು ಹಾಕಲು ಮನಸ್ಸಾಗಲಿಲ್ಲ.

ಆ ದಿನದ ಬಳಿಕ ಅಪ್ಪ ಸೋತುಹೋದ. ಅರಸೀಕೆರೆಯ ಕೊಬ್ಬರಿ ಮಂಡಿಯೊಂದರ ಯಜಮಾನರು ಅಪ್ಪನಿಗೆ ಗುರುತು. ಅವರ ಮಂಡಿಯ ಹಿಂದುಗಡೆ ಒಂದು ಕೋಣೆ, ಅದರಲ್ಲಿ ಒಂದು ಟೈಪ್‌ರೈಟರು. "ಬೆಳಿಗ್ಗೆ ಬಂದು ಕೂತು ಟೈಪ್ ಮಾಡಿ ಸಂಜೆ ಹೋಗಲಿ, ಯಾರ ಜೊತೆನೂ ಮಾತಾಡೋ ಹಂಗೇ ಇಲ್ಲ" ಎಂದು ಅವರು ಹೇಳಿದ್ದನ್ನು ಅಪ್ಪ ಸಂತೋಷದ ಸುದ್ದಿಯೆಂಬಂತೆ ಮನೆಗೆ ತಂದ. ಬರುವ ಸೋಮವಾರದಿಂದಲೇ ಕೆಲಸ. ಯಾರ ಜೊತೆಯೂ ಮಾತಾಡದ ಕೋಣೆಗೆ ಇಪ್ಪತ್ಮೂರು ವರ್ಷಕ್ಕೇ ಹೋಗಿ ಕೂತರೆ, ಇರುವ ನಾಲ್ಕು ಮಾತೂ ಮರೆತುಹೋಗುತ್ತವೆ ಎಂದು ನನಗೆ ಗೊತ್ತಿತ್ತು. ಅಲ್ಲಿಂದ ನಾನು ಯಾವತ್ತೂ ಹೊರಗೆ ಬರುವುದಿಲ್ಲ ಎಂದೂ ಅನ್ನಿಸಿತು.

ಅದೇ ವಾರ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬೋರ್ಡಿನ ಮೇಲೆ ಒಂದು ಚೀಟಿ ಅಂಟಿಸಿದ್ದರು. ಹಳೇಬೀಡಿನ ಹತ್ತಿರ ಹುಲಿಕೆರೆಯಲ್ಲಿ ತೆಂಗಿನ ನಾರಿನ ಚಾಪೆ ಮಾಡುವ ಒಂದು ಘಟಕ, ಹೆಂಗಸರೇ ಕೆಲಸ ಮಾಡುವಂಥದು. ಅಲ್ಲಿಗೆ ಆಫೀಸ್ ಸಹಾಯಕಿ ಬೇಕು, ಶನಿವಾರ ಹತ್ತೂವರೆಗೆ ಬರಬೇಕು. ಚೀಟಿಯನ್ನು ನಕಲು ಮಾಡಿಕೊಂಡು ಮನೆಗೆ ಓಡಿದೆ. ಅಪ್ಪನ ಮುಂದೆ ಹಿಡಿದು ಒಂದು ಬೆರಳು ಎತ್ತಿದೆ. ಇನ್ನೊಂದೇ ಒಂದು. ಅಪ್ಪ ಚೀಟಿ ನೋಡಿದ, ನನ್ನನ್ನು ನೋಡಿದ. "ಆಯ್ತು ಕಣಮ್ಮ, ಇದೊಂದು ನೋಡೋಣ. ಆಗಲಿಲ್ಲಾಂದ್ರೆ ಸೋಮವಾರ ಮಂಡಿಗೆ" ಎಂದ.

ಶನಿವಾರ ಬೆಳಗಿನ ಬಸ್ಸು. ಅಷ್ಟು ಖುಷಿಯಾಗಿ ನಾನು ಯಾವ ಪ್ರಯಾಣವನ್ನೂ ಮಾಡಿಲ್ಲ. ಜಾವಗಲ್ ದಾಟುವವರೆಗೂ ಕಿಟಕಿಯ ಆಚೆ ಮುಖ ಹಾಕಿ ಗಾಳಿಗೆ ನನ್ನ ಹೆಸರು ಹೇಳುತ್ತಿದ್ದೆ. ಗಾಳಿಗೆ ಹೇಳುವಾಗ ಒಂದು ಸಲವೂ ತಡೆಯಲಿಲ್ಲ. ಹಳೇಬೀಡಿನಲ್ಲಿ ಇಳಿದು ಹುಲಿಕೆರೆಯ ದಾರಿ ಹಿಡಿದು ನಡೆದೆವು. ಅಪ್ಪನ ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ. ಘಟಕ ದೂರದಿಂದಲೇ ಗೊತ್ತಾಯಿತು. ಅಂಗಳದ ತುಂಬ ನೆನೆಸಿ ಬಡಿದ ತೆಂಗಿನ ಸಿಪ್ಪೆಯ ರಾಶಿ, ಗಾಳಿಯಲ್ಲಿ ಕೆಂಪು ಪುಡಿ, ಹುರಿ ಹೊಸೆಯುವ ಯಂತ್ರಗಳ ಕರಕರ ಸದ್ದು. ಬೇವಿನ ಮರದ ಕೆಳಗೆ ನನ್ನ ವಯಸ್ಸಿನ ಎಂಟು ಹುಡುಗಿಯರು ಮನೆಯವರ ಜೊತೆ ನಿಂತಿದ್ದರು. ಮೊದಲು ನನ್ನನ್ನೇ ಒಳಗೆ ಕರೆದರು.

ಒಳಗೆ ಐವತ್ತು ದಾಟಿದ ಒಬ್ಬ ಹೆಂಗಸು. ನೂಲಿನ ಸೀರೆ, ದಾರ ಕಟ್ಟಿದ ಕನ್ನಡಕ, ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಕೆಲಸಕ್ಕೆ ಜನರನ್ನು ಆರಿಸುವವರು ಅವರೇ. ಎಲ್ಲರೂ ಮೇಡಂ ಎನ್ನುತ್ತಿದ್ದರು. ಕೂತುಕೊಳ್ಳಿ ಎಂದು ಬಾಯಲ್ಲಿ ಹೇಳಲೂ ಇಲ್ಲ, ಪೆನ್ನಿನ ತುದಿಯಿಂದ ಕುರ್ಚಿ ತೋರಿಸಿದರು. ಅದಕ್ಕೆ ಎರಡು ಕೊಡುವುದೋ ಒಂದೋ ಎಂದು ನಾನು ಯೋಚಿಸುತ್ತಿರುವಾಗಲೇ ಪ್ರಶ್ನೆ ಬಂತು.

"ಹೆಸರು?"

ನಾನು ಬಾಯಿ ತೆರೆದೆ. ಮೊದಲ ಅಕ್ಷರ ಬಂತು, ನಿಂತಿತು. ಅಪ್ಪ ಪೂರ್ತಿ ಹೇಳಿದ. ಮೇಡಂ ಬರೆದುಕೊಳ್ಳಲಿಲ್ಲ.

"ನಾನು ಅವರನ್ನ ಕೇಳ್ದೆ," ಎಂದರು.

"ಅವಳಿಗೆ ಮಾತು ಸ್ವಲ್ಪ ತಡೆಯುತ್ತೆ ಮೇಡಂ. ನಾನೇ ಹೇಳ್ತೀನಿ. ಬಿಕಾಂ ಮಾಡವ್ಳೆ, ಟೈಪಿಂಗು ಸೀನಿಯರ್ರು."

"ಯಜಮಾನ್ರೇ, ಕೆಲಸ ಬೇಕಾಗಿರೋದು ನಿಮಗೋ ಅವರಿಗೋ? ಆಚೆ ಬೆಂಚಿನ ಮೇಲೆ ಕೂತ್ಕೊಳಿ ಹೋಗಿ."

ಅಪ್ಪ ಎದ್ದ. ಛತ್ರಿ ತೆಗೆದುಕೊಂಡ, ಡಬ್ಬಿ ಮರೆತ, ತಿರುಗಿ ಬಂದು ಡಬ್ಬಿ ತೆಗೆದುಕೊಂಡ. ಯೂನಿಫಾರಂ ಹಾಕಿಕೊಂಡು ಕೌಂಟರಿನಲ್ಲಿ ಕೂತರೆ ಊರಿನ ದೊಡ್ಡವರೆಲ್ಲ ಬಗ್ಗಿ ಮಾತಾಡಿಸುತ್ತಿದ್ದ ನನ್ನಪ್ಪ, ಶಾಲೆಯ ಹುಡುಗನಂತೆ ಮುಖ ಮಾಡಿಕೊಂಡು ಹೊರಗೆ ಹೋದ. ನನಗೆ ಮೈಯೆಲ್ಲ ಉರಿಯಿತು. ಈ ಹೆಂಗಸಿಗೆ ಸರಿಯಾಗಿ ನಾಲ್ಕು ಮಾತು ಕೊಡಬೇಕು ಎಂದು ಬಾಯಿ ತೆರೆದರೆ "ನ... ನ..." ಎಂದಷ್ಟೇ ಬಂತು. ಆಕೆ ಪೆನ್ನು ಮೇಜಿನ ಮೇಲಿಟ್ಟು, ಎರಡೂ ಕೈ ಕಟ್ಟಿಕೊಂಡು, ನನ್ನನ್ನೇ ನೋಡುತ್ತ ಕೂತರು. ಸಹಾಯಕ್ಕೆ ಒಂದು ಅಕ್ಷರ ಹೇಳಲಿಲ್ಲ, ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ. ನಾನು ಒದ್ದಾಡುವುದನ್ನು ತಮಾಷೆ ನೋಡುತ್ತಿದ್ದಾಳೆ ಎಂದುಕೊಂಡೆ. ಫೈಲನ್ನು ಎತ್ತಿಕೊಂಡು, ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ತಳ್ಳಿ, ಹೊರಗೆ ಬಂದುಬಿಟ್ಟೆ.

ಅಪ್ಪನ ತೋಳು ಹಿಡಿದು ಎಳೆದುಕೊಂಡೇ ಹೋದೆ. ಹುಲಿಕೆರೆಯ ಹಳೆಯ ಕಲ್ಯಾಣಿ ಅಲ್ಲಿಗೆ ಹತ್ತಿರ. ಮೆಟ್ಟಿಲ ಮೇಲೆ ಧೊಪ್ಪನೆ ಕೂತು, ಫೈಲಿನಿಂದ ನನ್ನ ಪಟ್ಟಿ ತೆಗೆದು, "ಹುಲಿಕೆರೆ ಮೇಡಂ" ಎಂದು ಬರೆದು ಎದುರಿಗೆ ಕಾಗದ ತೂತಾಗುವ ಹಾಗೆ ಒಂದು ಸೊನ್ನೆ ಹಾಕಿದೆ. ಮಂಡಿಯ ಹಿಂದಿನ ಕೋಣೆಯಾದರೂ ವಾಸಿ, ಅಲ್ಲಿ ನನ್ನಪ್ಪನನ್ನು ಎಬ್ಬಿಸಿ ಕಳಿಸುವವರು ಯಾರೂ ಇಲ್ಲ.

ಅಪ್ಪ ನನ್ನ ಕೈಯಿಂದ ಆ ಕಾಗದ ತೆಗೆದುಕೊಂಡು ಮೇಲಿಂದ ಕೆಳಗೆ ಓದಿದ. ಬೇಲೂರಿನ ಹತ್ತಕ್ಕೆ ಹತ್ತು ನೋಡಿ "ಹೂಂ" ಎಂದ. ಸೊನ್ನೆಯ ಮೇಲೆ ಬೆರಳಿಟ್ಟ.

"ಇದು ಯಾಕೆ?"

"ನಿ... ನಿನ್ನ..." ಎಂದೆ. ಆಚೆ ಕಳಿಸಿದರಲ್ಲ ಎನ್ನುವುದು ಬರಲಿಲ್ಲ, ಕೈಯಲ್ಲಿ ತೋರಿಸಿದೆ.

"ನನ್ನ ಬಿಡು. ನಾನು ನಿನ್ನ ಹೆಸರು ಹೇಳ್ದಾಗ ಆಯಮ್ಮ ಏನು ಮಾಡ್ತು, ನೋಡ್ದಾ?"

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

"ಬರ್ಕೊಳ್ಳಲಿಲ್ಲ. ನಾನು ಬಾಗಿಲಾಚೆಯಿಂದ ನೋಡ್ತಿದ್ದೆ, ನೀನು ಮಾತಾಡೋಕೆ ಹೋದಾಗ ಪೆನ್ನೇ ಕೆಳಗಿಟ್ಟುಬಿಡ್ತು. ನಾನು ಕೌಂಟರಲ್ಲಿ ಕೂತೋನು ಕಣಮ್ಮ, ಕೂತೋರ ಕೈ ನೋಡಿದ್ರೆ ನಂಗೆ ಗೊತ್ತಾಯ್ತದೆ. ಆಚೆ ಇನ್ನೂ ಎಂಟು ಜನ ಕಾಯ್ತಾ ಅವ್ರೆ. ಅಷ್ಟು ಜನ ನಿಂತಿರೋವಾಗ ಒಬ್ಬರಿಗೋಸ್ಕರ ಕೈ ಕಟ್ಕೊಂಡು ಕೂರೋದು ಸುಮ್ನೆ ಅಲ್ಲ. ಇಪ್ಪತ್ತೆಂಟು ವರ್ಷದಾಗೆ ನಾನು ಒಬ್ಬರಿಗೂ ಹಂಗೆ ಕೂತಿಲ್ಲ." ನೀರಿನ ಕಡೆ ನೋಡುತ್ತ ಹೇಳಿದ: "ನಿನಗೂ ಕೂತಿಲ್ಲ."

ನನಗೆ ಆಗ ಅರ್ಥವಾಯಿತು. ಅರ್ಥವಾಗಿ ಅಲ್ಲೇ ಅಳು ಬಂತು. ಆಕೆ ತಮಾಷೆ ನೋಡುತ್ತಿರಲಿಲ್ಲ, ಕಾಯುತ್ತಿದ್ದರು. ನನ್ನ ಜನ್ಮದಲ್ಲಿ ಯಾರೂ ನನ್ನ ಮಾತಿಗೆ ಹಾಗೆ ಕಾದಿರಲಿಲ್ಲ, ಅದಕ್ಕೇ ಕಾಯುವವರ ಮುಖ ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಗುವವರನ್ನು ಗುರುತಿಸಲು ಕಲಿತಿದ್ದೆ, ಕಾಫಿ ಕೊಡುವವರನ್ನು ಗುರುತಿಸಲು ಕಲಿತಿದ್ದೆ. ನನ್ನ ಮಾತು ಮುಗಿಸಿಕೊಡುವವರನ್ನೆಲ್ಲ ಒಳ್ಳೆಯವರೆಂದು ನಂಬಿದ್ದೆ, ಅಪ್ಪ ಒಳ್ಳೆಯವನಲ್ಲವೇ?

"ಹೋಗು," ಎಂದ ಅಪ್ಪ. "ನಾನು ಬರಲ್ಲ. ಇಲ್ಲೇ ಕೂತಿರ್ತೀನಿ. ಎಷ್ಟೊತ್ತಾದ್ರೂ ಆಗಲಿ."

ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದೆ. ಇಪ್ಪತ್ಮೂರು ವರ್ಷದ ಬಿಕಾಂ ಪದವೀಧರೆ ಹುಲಿಕೆರೆಯ ಬೀದಿಯಲ್ಲಿ ಹಾಗೆ ಓಡಿದ್ದನ್ನು ನೋಡಿದವರು ಏನೆಂದುಕೊಂಡರೋ, ನನಗೆ ಪರಿವೆಯಿರಲಿಲ್ಲ. ಘಟಕದ ಅಂಗಳಕ್ಕೆ ಬಂದಾಗ ಬೆಂಚು ಕಣ್ಣಿಗೆ ಬಿತ್ತು. ಅದರ ಮೇಲೆ ಅಪ್ಪಂದಿರು, ಅಣ್ಣಂದಿರು, ಒಬ್ಬರು ಅತ್ತೆ, ಒಬ್ಬ ಗಂಡ, ಎಲ್ಲರೂ ಸಾಲಾಗಿ ಕೂತಿದ್ದರು. ಯಾರ ಮನೆಯವರಿಗೂ ಒಳಗೆ ಕೂರಲು ಬಿಟ್ಟಿರಲಿಲ್ಲ. ನನ್ನಪ್ಪ ಆ ದಿನ ಮೊದಲಿನವನು, ಅಷ್ಟೇ. ನನಗೆ ನಗು ಬಂದುಬಿಟ್ಟಿತು.

ಎಂಟು ಜನರದ್ದೂ ಮುಗಿಯುವವರೆಗೆ ಬೇವಿನ ಮರದ ಕೆಳಗೆ ನಿಂತಿದ್ದೆ. ಒಳಗೆ ಹೋದಾಗ ಮೇಡಂ ಊಟದ ಡಬ್ಬಿ ತೆರೆದುಕೊಂಡಿದ್ದರು. ಕುರ್ಚಿಯನ್ನು ಯಾರೋ ಎತ್ತಿ ನಿಲ್ಲಿಸಿದ್ದರು.

"ಬಂದ್ರಾ? ಕೂತ್ಕೊಳಿ. ಎರಡು ತುತ್ತು ಇದೆ, ಮುಗಿಸ್ತೀನಿ."

ಮುಗಿಸಿ, ಕೈತೊಳೆದು, ಕನ್ನಡಕ ಏರಿಸಿಕೊಂಡರು. "ನಿಮ್ಮ ತಂದೆಗೆ ಬೇಜಾರಾಯ್ತಾ? ಸ್ವಲ್ಪ ಮೆತ್ತಗೆ ಹೇಳ್ಬೋದಿತ್ತು. ನನ್ನ ಬಾಯೇ ಹಾಗೆ. ಮನೆಯವರು ಪಕ್ಕದಲ್ಲಿದ್ರೆ ಹೆಣ್ಮಕ್ಕಳು ಬಾಯಿ ಬಿಡಲ್ಲ, ಅವರನ್ನ ಎಬ್ಬಿಸಿ ಎಬ್ಬಿಸಿ ನನ್ನ ಬಾಯಿ ಒರಟಾಗಿದೆ." ಆಮೇಲೆ ಪೆನ್ನು ಕೈಗೆತ್ತಿಕೊಂಡು, ಬರೆಯದೆ, ನನ್ನನ್ನು ಕೇಳಿದರು: "ಒಂದು ಕೇಳ್ಲಾ? ಮಾತು ನಿಂತಾಗ ನಾನು ಏನು ಮಾಡಿದ್ರೆ ನಿಮಗೆ ಅನುಕೂಲ? ಕಾಯ್ಲಾ, ಬೇರೆ ಪ್ರಶ್ನೆಗೆ ಹೋಗ್ಲಾ?"

ಇಪ್ಪತ್ಮೂರು ವರ್ಷದಲ್ಲಿ ಅದನ್ನು ನನ್ನನ್ನೇ ಕೇಳಿದವರು ಅವರೊಬ್ಬರು. ಡಾಕ್ಟರು ಅಮ್ಮನನ್ನು ಕೇಳಿದ್ದರು, ಮೇಷ್ಟರು ಅಪ್ಪನನ್ನು ಕೇಳಿದ್ದರು. ಉತ್ತರ ನನಗೇ ಗೊತ್ತಿರಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ.

"ಕಾ... ಕಾಯಿರಿ," ಎಂದೆ.

"ಸರಿ. ಹೆಸರು?"

ಮೊದಲ ಅಕ್ಷರ ಬಂತು. ನಿಂತಿತು. ಹೊರಗೆ ಸಿಪ್ಪೆ ತಂದ ಲಾರಿಯ ಹಿಂಬಾಗಿಲು ಬಿಚ್ಚುವ ಸದ್ದು, ಹೆಂಗಸರು ಯಾರನ್ನೋ ರೇಗಿಸಿ ನಗುವ ಸದ್ದು. ಮೇಡಂ ಮುಖದಲ್ಲಿ ಅವಸರವೂ ಇರಲಿಲ್ಲ, ಕನಿಕರವೂ ಇರಲಿಲ್ಲ. ಮತ್ತೆ ಶುರುಮಾಡಿದೆ. ಮತ್ತೆ ನಿಂತಿತು. ಮೂರನೆಯ ಸಲ ಪೂರ್ತಿ ಹೆಸರು, ಅಪ್ಪನ ಹೆಸರಿನ ಮೊದಲಕ್ಷರದ ಸಮೇತ, ಹೊರಗೆ ಬಂತು. ಆಗ ಅವರು ತಲೆ ಬಗ್ಗಿಸಿ ಬರೆದುಕೊಂಡರು. ಆ ಪೆನ್ನು ಕಾಗದದ ಮೇಲೆ ಓಡುವುದನ್ನು ನೋಡುತ್ತಿದ್ದರೆ ನನಗೆ ಮೇಜು ಹತ್ತಿ ಕುಣಿಯಬೇಕೆನಿಸಿತು.

ಅರ್ಜಿಯನ್ನು ಅವರು ಮೊದಲ ಪುಟದಿಂದ ಕೊನೆಯವರೆಗೂ ಓದಿದರು. ಅರ್ಧ ಗಂಟೆ ಮಾತಾಡಿದೆವು. ಕಷ್ಟದ ಮಾತನ್ನು ಕೊನೆಗೆ ಹೇಳಿದರು. "ಪತ್ರ, ಟೈಪಿಂಗು ಎಲ್ಲ ನಿಮಗೆ ಬರುತ್ತೆ. ಆದ್ರೆ ದಿನಾ ಬೆಳಿಗ್ಗೆ ಅರವತ್ತೆರಡು ಜನ ಹೆಂಗಸರ ಹಾಜರಿ ಕರೀಬೇಕು. ಅದೂ ಈ ಕೆಲಸದಲ್ಲೇ ಸೇರಿದೆ. ನಿಮ್ಮ ಕೈಲಿ ಆಗಲ್ಲ ಅಂತ ನಾನು ತೀರ್ಮಾನ ಮಾಡಲ್ಲ. ಹೇಗೆ ಮಾಡ್ತೀರಿ, ನೀವೇ ಹೇಳಿ."

ಅರವತ್ತೆರಡು ಹೆಸರು! ನನ್ನ ಒಂದಕ್ಕೇ ಮೂರು ಸಲ ಬೇಕಾಗಿತ್ತು. ಕಿಟಕಿಯ ಆಚೆ ನೋಡಿದೆ. ಹೆಂಗಸರು ಊಟ ಮುಗಿಸಿ ಒಬ್ಬೊಬ್ಬರಾಗಿ ಷೆಡ್ಡಿನ ಬಾಗಿಲಲ್ಲಿ ಒಳಗೆ ಹೋಗುತ್ತಿದ್ದರು. ಥಟ್ಟನೆ ಹೊಳೆಯಿತು. ನಾನು ಕರೆಯುವುದು ಬೇಡ, ಬಾಗಿಲಲ್ಲಿ ಹಾಜರಿ ಪುಸ್ತಕ ಹಿಡಿದು ಕೂರುತ್ತೇನೆ. ಒಳಗೆ ಬರುವಾಗ ಪ್ರತಿಯೊಬ್ಬರೂ ಅವರವರ ಹೆಸರು ಅವರೇ ಹೇಳಲಿ, ನಾನು ಬರೆದುಕೊಳ್ಳುತ್ತೇನೆ. ಇದನ್ನು ಹೇಳಿ ಮುಗಿಸಲು ನನಗೆ ಎಷ್ಟು ಹೊತ್ತು ಹಿಡಿಯಿತೆಂದು ಗೊತ್ತಿಲ್ಲ. ಮೇಡಂ ಅಷ್ಟೂ ಹೊತ್ತು ಕೇಳಿ, ಆ ದಿನ ಮೊದಲ ಸಲ ನಕ್ಕರು. "ಹನ್ನೆರಡು ವರ್ಷದಿಂದ ಗಂಟಲು ಹರ್ಕೊಂಡು ಕೂಗ್ತಾ ಇದೀನಲ್ಲ, ನನಗೆ ಹೊಳೀಲಿಲ್ವಲ್ರೀ ಇದು! ಸೋಮವಾರ ಬನ್ನಿ. ಒಂದು ತಿಂಗಳು ನಾವು ನಿಮ್ಮನ್ನ ನೋಡ್ತೀವಿ, ನೀವೂ ನಮ್ಮನ್ನ ನೋಡಿ."

ಆ ಹಾಜರಿ ಪದ್ಧತಿ ನಾನಿದ್ದಷ್ಟು ವರ್ಷವೂ ನಡೆಯಿತು. ಮನೆಯಲ್ಲಿ ಇಂಥವನ ಹೆಂಡತಿ, ಇಂಥವನ ತಾಯಿ ಎಂದೇ ಕರೆಸಿಕೊಂಡು ಅಭ್ಯಾಸವಾದವರಿಗೆ ಸ್ವಂತ ಹೆಸರನ್ನು ಗಟ್ಟಿಯಾಗಿ ಹೇಳಲು ಮೊದಮೊದಲು ನಾಚಿಕೆ. ಸೆರಗು ಬಾಯಿಗೆ ಹಿಡಿದು ಪಿಸುಗುಡುತ್ತಿದ್ದರು. ನಾನು ಪೆನ್ನು ಕೆಳಗಿಟ್ಟು ಕಾಯುತ್ತಿದ್ದೆ. ಕೆಲವು ವರ್ಷಗಳ ಮೇಲೆ ಮೇಡಂ ಜಾಗದಲ್ಲಿ ನಾನೇ ಕೂತು ಜನರನ್ನು ಆರಿಸುವ ಕಾಲವೂ ಬಂತು. ಕೆಲಸ ಹುಡುಕುವ ಹುಡುಗಿಯರು ಈಗಲೂ ನನ್ನನ್ನು ಕೇಳುತ್ತಾರೆ, ಒಳ್ಳೆಯ ಜನ ಎಂದು ಮೊದಲೇ ಗೊತ್ತಾಗುವುದು ಹೇಗೆ ಎಂದು. ಮುಖ ನೋಡಬೇಡಿ, ಅವರ ಕೈ ನೋಡಿ ಎನ್ನುತ್ತೇನೆ. ಅದು ಅಪ್ಪ ಹೇಳಿಕೊಟ್ಟದ್ದು.

ಆದರೆ ಆ ಶನಿವಾರ ಇನ್ನೂ ಮುಗಿದಿರಲಿಲ್ಲ. ಕಲ್ಯಾಣಿಯ ಮೆಟ್ಟಿಲ ಮೇಲೆ ಅಪ್ಪ ನಾನು ಬಿಟ್ಟುಹೋದ ಜಾಗದಲ್ಲೇ ಕೂತಿದ್ದ, ಪಕ್ಕದಲ್ಲಿ ಡಬ್ಬಿ ಮುಚ್ಚಿದಂತೆಯೇ ಇತ್ತು. ನನ್ನ ಮುಖ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು, ಅಪ್ಪನಿಗೂ ತಿಳಿಯಿತು. ಆದರೆ ಏನನ್ನೂ ಹೇಳದೆ ನನ್ನನ್ನೇ ನೋಡುತ್ತ ಕೂತ. "ಕೆ... ಕೆಲಸ ಸಿಕ್ತು" ಎಂದು ನಾನೇ ಹೇಳಿದೆ. ಚಿತ್ರಾನ್ನ ತಣ್ಣಗಾಗಿತ್ತು. ಇಬ್ಬರೂ ಡಬ್ಬಿಯನ್ನು ಬಳಿದು ತಿಂದೆವು.

ಹಳೇಬೀಡಿನಲ್ಲಿ ಅರಸೀಕೆರೆಯ ಬಸ್ಸು ಸಿಕ್ಕಿತು. ಕಂಡಕ್ಟರ್ ಬಂದು "ಎಲ್ಲಿಗ್ರೀ?" ಎಂದ. ಅಪ್ಪ ಬಾಯಿ ತೆರೆದ. ಮುಚ್ಚಿದ. ಛತ್ರಿಯನ್ನು ಎರಡು ಮಂಡಿಗಳ ನಡುವೆ ನಿಲ್ಲಿಸಿಕೊಂಡು ಅದರ ಹಿಡಿಯನ್ನು ಗಟ್ಟಿಯಾಗಿ ಹಿಡಿದ.

"ಎರಡು," ಎಂದೆ. ಅದು ಸಲೀಸಾಗಿ ಬಂತು. "ಅ..." ನಿಂತಿತು.

ಕಂಡಕ್ಟರ್ ಏನೋ ಹೇಳಲು ಹೋದ. ಅಪ್ಪ ಕೈ ಎತ್ತಿದ. ಇಪ್ಪತ್ತೆಂಟು ವರ್ಷ ಅರ್ಧ ಮಾತಿಗೇ ಟಿಕೆಟ್ ಕೊಟ್ಟ ನನ್ನಪ್ಪ, "ಒಂಚೂರು ತಡ್ಕೊಳಪ್ಪ, ಹೇಳ್ತಾಳೆ" ಎಂದ.

ಅಪ್ಪ ಕಾದ, ಕಂಡಕ್ಟರ್ ಕಾದ, ಮುಂದಿನ ಸೀಟಿನಲ್ಲಿ ಕೋಳಿ ಹಿಡಿದು ಕೂತಿದ್ದ ಅಜ್ಜಿ ತಿರುಗಿ ನೋಡಿ ಅವಳೂ ಕಾದಳು. "ಅರಸೀಕೆರೆ," ಎಂದೆ.

ಟಿಕೆಟ್ಟು ಕೈಗೆ ಬಂದ ಮೇಲೆ ಪಟ್ಟಿ ಹೊರಗೆ ತೆಗೆದೆ. ಹುಲಿಕೆರೆ ಮೇಡಂ ಎದುರಿಗಿದ್ದ ಸೊನ್ನೆಯ ಎಡಕ್ಕೆ ಒಂದು ಎಂದು ಬರೆದೆ, ಹತ್ತಾಯಿತು. ಅದರ ಕೆಳಗೆ "ಅಪ್ಪ" ಎಂದು ಬರೆದು ಎಂಟು ಹಾಕಿದೆ. ಪಕ್ಕದಿಂದ ಬಗ್ಗಿ ನೋಡಿದ ಅಪ್ಪ ಹುಬ್ಬೇರಿಸಿದ.

"ಎರಡು ಯಾಕೆ ಹೋಯ್ತು?"

ಕಂಡಕ್ಟರಿಗೆ ಹೇಳಲು ಬಾಯಿ ತೆರೆದೆಯಲ್ಲ, ಅದಕ್ಕೆ ಎಂದು ನಾನು ಹೇಳಲು ಶುರುಮಾಡಿದೆ. ಮೊದಲ ಅಕ್ಷರದಲ್ಲೇ ನಿಂತಿತು. ಬಸ್ಸು ಜಾವಗಲ್ ತಲುಪುವವರೆಗೂ ಅಪ್ಪ ಕಾದ.